ಒಂದೇ ಗುಂಡಿಯ ದಿಗ್ವಿಜಯ

ಕ್ಷಣಕ್ಷಣಕ್ಕೂ ಕಣ್ಮರೆಯಾಗುವ ಚಪಲಚಿತ್ತೆಯಾದ ಎಲೌ ವಿದ್ಯುದ್ದೇವಿ, ಈ ಕಥೆ ಮುಗಿಯುವ ತನಕವಾದರೂ ನಿಂತಿರು ತಾಯೀ. ಕಾಗದವನ್ನು ಮುದ್ರಿಸುವ ಮುನ್ನ ಮನುಷ್ಯರು ಅದರ ಛಾಯೆಯನ್ನು ಗಾಜಿನ ಪರದೆಯಲ್ಲಿ ಕಂಡು ತಣಿಯುತ್ತಿದ್ದ ಆ ಮಹಾಯುಗದಲ್ಲಿ, ಹುಬ್ಬಳ್ಳಿಯ ಬೇಕರಿಯೊಂದರ ಮೇಲ್ಮಾಳಿಗೆಯಲ್ಲಿ, ಲಗ್ನಪತ್ರಿಕೆಯ ಪ್ರೆಸ್ಸುಗಳಿಗೆ ಸಾಫ್ಟ್‌ವೇರ್ ಬರೆಯುವ ಪುಟ್ಟ ಆಫೀಸಿನಲ್ಲಿ, ಮೂಷಕಾಧಿರೂಢಹಸ್ತನೂ ಖಾರಾಟೋಸ್ಟ್‌ಚೂರ್ಣಲಿಪ್ತಶ್ಮಶ್ರುವೂ ಆದ ನೀಲಕಂಠ ಹಾದಿಮನಿ ಎಂಬ ಮಹಾರಥಿಯು ವಿರಾಜಿಸುತ್ತಿದ್ದನು.

ಮುನ್ನೋಟಕ್ಕೊಂದು, ಮುದ್ರಣಕ್ಕೊಂದು ಎಂದು ಎರಡು ಗುಂಡಿಗಳು ಪರದೆಯ ಮೇಲೆ ಅಕ್ಕಪಕ್ಕ ಕುಳಿತಿರುವುದು ಅವನಿಗೆ ಕಣ್ಣಲ್ಲಿ ಕಸ ಬಿದ್ದಂತಾಗಿತ್ತು. ಒಂದೇ ಗುಂಡಿ; ಒಮ್ಮೆ ಒತ್ತಿದರೆ ಮುನ್ನೋಟ, ಮತ್ತೊಮ್ಮೆ ಒತ್ತಿದರೆ ಮುದ್ರಣ. ಇದು ಅವನ ತಪಸ್ಸಿನ ಫಲ. ಇದನ್ನು ಒಪ್ಪದ ಪ್ರತಿವೀರೆ ಎದುರು ಮೇಜಿನಲ್ಲಿದ್ದಳು: ದೋಷಾನ್ವೇಷಣಧುರಂಧರೆ ಶಾಹೀನ್ ನದಾಫ್. ಸೋತವರು ವರ್ಷಪೂರ್ತಿ ಗ್ರಾಹಕರ ದೂರಿನ ಫೋನು ಎತ್ತಬೇಕೆಂದು ಇಬ್ಬರೂ ಪಣ ಕಟ್ಟಿದ್ದರು. ಆ ಫೋನಿನ ನೆನಪಾದರೇ ನೀಲಕಂಠನ ಎದೆ ಝಲ್ಲೆನ್ನುತ್ತಿತ್ತು, ಸುಳ್ಳೇಕೆ.

ಅವನು ಚಕ್ರಪೀಠದಿಂದ ಎದ್ದು ನಿಂತನು. “ಎಲೌ ದ್ವಿಗುಂಡೀಪಕ್ಷಪಾತಿನಿ, ನನ್ನ ಏಕಾಕಿಗುಂಡಿಯ ಮುಂದೆ ನಿನ್ನ ಜೋಡಿಗುಂಡಿಗಳು ಇಂದೇ ಧೂಳೀಪಟವಾಗಲಿವೆ; ಸಮಸ್ತ ಮುದ್ರಣಾಲಯಗಳೂ ನನ್ನ ಹೆಸರಿನಲ್ಲಿ ದೀಪ ಹಚ್ಚಲಿವೆ!” ಇದಿಷ್ಟು ಮನಸ್ಸಿನಲ್ಲಿ. ಬಾಯಿಂದ ಹೊರಟದ್ದು, “ಒಂದಽ ಸಾಕು ನೋಡು ಶಾಹೀನ್. ಎರಡ್ಯಾಕ ಬೇಕು?”

“ಗೊತ್ತಿಲ್ಲದ ಎರಡನೇ ಸಲ ಒತ್ತಿದರ?” ಎಂದಳು ಆಕೆ, ಟೋಸ್ಟ್ ಮುರಿಯುತ್ತ.

“ಹಂಗ ಯಾರ ಒತ್ತತಾರ?”

ಆ ಪ್ರಶ್ನೆಯ ಉತ್ತರವು ಮೆಟ್ಟಿಲು ಹತ್ತಿ ಬರುತ್ತಿತ್ತು. ತೀರ್ಪು ಕೊಡಲು ಕರೆಸಿದ್ದ ಪ್ರೆಸ್ಸಿನ ಮಾಲೀಕರು, ಅಸಂಖ್ಯಲಗ್ನಪತ್ರಿಕಾಜನಕ ಗುರುಬಸಪ್ಪ ಕೋರಿಶೆಟ್ಟರು, ಏದುಸಿರು ಬಿಡುತ್ತ ಬಂದು ಕುಳಿತರು. ನೀಲಕಂಠನು ತನ್ನ ಗುಂಡಿಯನ್ನು ತೋರಿದನು. ಶೆಟ್ಟರು ಒತ್ತಿದರು. ಅಕಟಕಟಾ, ಕಂಪ್ಯೂಟರ್ ಮುಟ್ಟಿದ ದಿನದಿಂದಲೂ ಅವರು ಯಾವುದನ್ನೂ ಒಂದೇ ಸಲ ಒತ್ತಿದವರಲ್ಲ. ಟಕಟಕ. ಮುನ್ನೋಟವು ಹುಟ್ಟಿ ಕಣ್ಣು ಬಿಡುವ ಮೊದಲೇ ಅಳಿಯಿತು. ಮೂಲೆಯ ಪ್ರಿಂಟರು ಗರ್ಜಿಸಿ ಪತ್ರಿಕೆಯೊಂದನ್ನು ಹೊರಹಾಕಿತು.

ಶಾಹೀನ್ ಮಂದಹಾಸವದನೆಯಾಗಿ ತನ್ನ ಜೋಡಿಗುಂಡಿಗಳನ್ನು ಮುಂದಿಟ್ಟಳು. ಶೆಟ್ಟರು ಮುನ್ನೋಟದತ್ತ ತಿರುಗಿಯೂ ನೋಡದೆ ಮುದ್ರಣದ ಗುಂಡಿಯನ್ನೇ ಟಕಟಕ ಒತ್ತಿದರು. ಈ ಸಲ ಬಂದದ್ದು ಎರಡು ಪತ್ರಿಕೆ.

“ಶೆಟ್ಟರ, ಮೊದಲ ಪ್ರಿವ್ಯೂ ನೋಡಬೇಕಲ್ರಿ?” ಎಂದು ಬದ್ಧವೈರಿಗಳಿಬ್ಬರೂ ಏಕಕಂಠದಿಂದ ಮೊರೆಯಿಟ್ಟರು.

“ನೋಡಾಕತ್ತೀನಲ್ರಿ,” ಎಂದು ಶೆಟ್ಟರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಹುಡುಗನ ಅಪ್ಪ ಕಾಗದದ ಮ್ಯಾಲೆ ನೋಡಿ ಸಹಿ ಹಾಕಿದ ಮ್ಯಾಲೇನಽ ನಮ್ಮಲ್ಲಿ ಕೆಲಸ ಚಾಲೂ. ಗಾಜಿನ ಮ್ಯಾಲೆ ಯಾರ ಸಹಿ ಹಾಕ್ತಾರ?”

ಅಷ್ಟರಲ್ಲಿ ಫೋನು ಮೊಳಗಿತು. ಗೆದ್ದವರಿಲ್ಲ, ಆದುದರಿಂದ ಸೋತವರೂ ಇಲ್ಲ. ವೀರರಿಬ್ಬರೂ ಫ್ಯಾನು ನೋಡುತ್ತ ಕುಳಿತರು. ಗದ್ದಲ ತಾಳದೆ ಶೆಟ್ಟರೇ ಎತ್ತಿ, ಕೇಳಿ, ಹತ್ತಿರವಿದ್ದ ನೀಲಕಂಠನ ಕೈಗೆ ರಿಸೀವರ್ ತುರುಕಿದರು. “ಗದಗದಿಂದ. ಪ್ರಿವ್ಯೂ ಹೆಂಗ ನೋಡೂದಂತ.”

ಏಕಗುಂಡೀಸಾಮ್ರಾಜ್ಯಸಂಸ್ಥಾಪನಾಕಾಂಕ್ಷಿಯು ಗಂಟಲು ಸರಿಮಾಡಿಕೊಂಡನು.

“ಪ್ರಿಂಟ್ ಒತ್ತರಿ… ಕಾಗದ ಬಂತಾ? ಹಾಂ, ಅದನ್ನಽ ನೋಡ್ರಿ.”

ಶಾಹೀನ್ ಫೋನನ್ನು ಮೆಲ್ಲನೆ ಅವನ ಮೇಜಿಗೆ ಸರಿಸಿದಳು.