ಮಂಚ ಬಂತು, ಮಂದೀನೂ ಬಂದ್ರು

ನಾ ಸುಮ್ಮ ಕುಂತ್ರ ಸೈತ ನನ್ನ ಸುತ್ತ ಏನರೆ ಒಂದು ನಡದ ಬಿಡತೈತಿ. ಸುಮ್ಮ ಕುಂಡ್ರೂದಂತೂ ನನಗ ಆಗಂಗಿಲ್ಲ, ಅದು ಬ್ಯಾರೆ ಮಾತು. ಬನಹಟ್ಟ್ಯಾಗ ಪಾವರಲೂಮ್ ಮಗ್ಗ ರಿಪೇರಿ ಮಾಡಕೋತ ಜೀವನಾ ತಗದಾಂವ ನಾ. ಸಾಲಿ ಕಲ್ತದ್ದು ಅಷ್ಟಕ್ಕಷ್ಟ. ಆದ್ರ ಓಣ್ಯಾಗ ನಡಕೋತ ಹೊಂಟ್ರ, ಒಳಗಿನ ಮಗ್ಗದ ಸಪ್ಪಳಾ ಕೇಳೇ ಯಾವ ನಟ್ಟು ಸಡ್ಲ ಆಗೇತಿ ಹೇಳತಿದ್ನಿ. ಈಗೂ ಹೇಳತೇನಿ. ಯಾರೂ ಕೇಳಂಗಿಲ್ಲ, ಆದ್ರೂ ಹೇಳತೇನಿ.

ಹೋದ ವರ್ಷ ಜಮಖಂಡ್ಯಾಗ ನಮ್ಮಾಕಿಗೆ ಮೊಣಕಾಲ ಆಪರೇಶನ್ ಆತು. ಆಕಿ ಹುಟ್ಟಿದಾಗಿಂದ ನೆಲದ ಮ್ಯಾಲ ಚಾಪಿ ಹಾಸ್ಕೊಂಡು ಮಲಗಿದಾಕಿ. ಡಾಕ್ಟರು ಹೇಳಿಬಿಟ್ರು, ಇನ್ನ ನೆಲಕ್ಕ ಕುಂಡ್ರಂಗಿಲ್ಲ, ನೆಲಕ್ಕ ಮಲಗಂಗಿಲ್ಲ, ಗಟ್ಟಿ ಮಂಚ ಬೇಕು ಅಂತ. ಆಕಿ ತಮ್ಮ ಗಲಗಲ್ಯಾಂವ, ಕಬ್ಬಿನ ಹೊಲ ಮಾಡ್ಕೊಂಡು ಬೆಚ್ಚಗ ಇದ್ದಾಂವ, ಅಲ್ಲೇ ನಿಂತಿದ್ದ. ನನ್ನ ಮಾರಿ ನೋಡಕೋತ ಅಂದ:

“ಅಕ್ಕಾ, ನಮ್ಮ ಮನ್ಯಾಗ ಮಂಚ ಐತಿ. ನಮ್ಮಲ್ಲಿಗೇ ಬಂದ ಬಿಡು.”

ನಮ್ಮಾಕಿ ಒಂದ ಮಾತು ಹೇಳಿದ್ಳು. “ದವಾಖಾನಿಯಿಂದ ಬಿಡೂ ದಿವಸ ನಮ್ಮ ಮನ್ಯಾಗ ಮಂಚ ಇದ್ರ ಬನಹಟ್ಟಿ. ಇರ್ಲಿಲ್ಲಂದ್ರ ಗಲಗಲಿ.”

ಗಲಗಲಿಗೆ ಹೋದ್ಳಂದ್ರ ಹೊಳಿ ಗಾಳಿ, ತಮ್ಮನ ಮನಿ ಹಾಲು-ತುಪ್ಪ. ತಿರುಗಿ ಯಾವಾಗ ಬರ್ತಾಳ ಆಕಿಗೇ ಗೊತ್ತಿರಂಗಿಲ್ಲ. ನನಗ ರೊಟ್ಟಿದು ಚಿಂತಿ ಇಲ್ಲ, ಖಾನಾವಳಿ ಅದಾವು. ಆದ್ರ ನಾ ಬೈದ್ರ ತಿರುಗಿ ಬೈಯಾಕ ಮನ್ಯಾಗ ಒಬ್ರು ಬೇಕಲ್ಲ.

“ಮಂಚ ತರತೇನಿ,” ಅಂದ್ನಿ. “ನಾನ ಕೂಡಿಸತೇನಿ. ಮಗ್ಗ ಕೂಡಿಸಿದ ಕೈ ಇದು, ಮಂಚ ಯಾವ ಲೆಕ್ಕ.”

ಆಕಿ ತಮ್ಮ ನಕ್ಕ. ಆ ನಗೀನ ನನಗ ಹತ್ತಿದ್ದು.

೧. ಹಸಿ ಕಟ್ಟಿಗಿ

ಮೊದಲ ರಬಕವಿ ಬಡಿಗ್ಯಾನ ಕಡೆ ಹೋದ್ನಿ. ನನ್ನ ಗುರ್ತದಾಂವ. “ಸಾಗವಾನಿ ಕಟ್ಟಿಗಿ ಐತಿ, ಹಸಿ ಐತಿ. ಒಣಗ್ಲಿ, ಛಲೋ ಮಾಡಿ ಕೊಡತೇನಿ,” ಅಂದ.

ಮರುದಿನ ಹೋದ್ನಿ. ಒಣಗಾಕತ್ತಿತ್ತು. ಅದರ ಮರುದಿನಾನೂ ಹೋದ್ನಿ. ಒಣಗಾಕತ್ತಿತ್ತು. ಮುಂಜಾನಿ ಹೋಗಿ ನೋಡಿದ್ನಿ, ಮಧ್ಯಾಹ್ನ ಹೋಗಿ ನೋಡಿದ್ನಿ. ಹಲಿಗಿ ಮುಟ್ಟಿ ನೋಡೂದು, ಮೂಸಿ ನೋಡೂದು, ಬಿಸಲಿಗೆ ಆ ಕಡೆ ಈ ಕಡೆ ತಿರುವಿ ಇಡೂದು. ಬಡಿಗ್ಯಾ ಉಳಿ ಕೆಳಗಿಟ್ಟ.

“ಕಾಕಾ, ಒಂದ್ ಮಾತು ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ.”

“ಹೇಳು.”

“ಕಟ್ಟಿಗಿಗೆ ಬಿಸಲು ಬೇಕ್ರಿ. ನೀವು ದಿನಾ ಬಂದು ಅದರ ಮುಂದ ನಿಂತ್ರ, ನಿಮ್ಮ ನೆಳ್ಳಾಗ ಒಣಗವಲ್ಲದು.”

೨. ಅಂಗಡ್ಯಾಗ

ತಯಾರ ಮಂಚಾನ ತರಬೇಕಂತ ಮುಧೋಳಕ್ಕ ಹೋದ್ನಿ. ಮೊದಲನೇ ಅಂಗಡಿಯಾಂವ “ಗಟ್ಟಿ ಕಟ್ಟಿಗೀನ ರೀ” ಅಂದ. ನಾ ಬೆರಳ ಮಡಚಿ ಟಕ್ ಅಂತ ಬಡದ್ನಿ. ಬದ್ ಅಂತು.

“ಇದು ಭೂಸಾ ಒತ್ತಿ ಮಾಡಿದ್ದೋ,” ಅಂದ್ನಿ. “ಮ್ಯಾಲ ಕಟ್ಟಿಗಿ ಬಣ್ಣದ ಹಾಳಿ ಅಂಟಿಸಿರಿ. ಒಂದ್ ತಂಬಿಗಿ ನೀರ ಬಿದ್ರ ಪುರಿ ಉಬ್ಬಿದಂಗ ಉಬ್ಬತೈತಿ.”

ಅಂವಾ ಬಾಜೂ ಅಂಗಡಿ ಕಡೆ ಕೈ ಮಾಡಿದ.

ಎರಡನೇ ಅಂಗಡ್ಯಾಗ ಬಡದ್ರ ಟಣ್ ಅಂತು. ಖರೇ ಕಟ್ಟಿಗಿ. ಆದ್ರ ಸಪ್ಪಳಾ ಒಂದ ನಂಬಿದ್ರ ಹೆಂಗ. ಚಪ್ಪಲಿ ಬಿಟ್ಟು ಮ್ಯಾಲ ಹತ್ತಿದ್ನಿ. ಹಿಮ್ಮಡಿಲೆ ಗುದ್ದಿದ್ನಿ. ಒಂದೆರಡು ಬೈಠಕ್ ಹೊಡದ್ನಿ.

ಅಂಗಡಿಯಾಂವ ಓಡಿ ಬಂದ. “ಅಜ್ಜಾರ, ಇದು ಮಂಚ ರೀ, ಗರಡಿಮನಿ ಅಲ್ಲ.”

“ಮಲಗಾಕ ಯಾವ ಮಂಚ ಆದ್ರೂ ಬರತೈತಿ,” ಅಂದ್ನಿ. “ಮುರೀತೈತೋ ಇಲ್ಲೋ ಅದನ್ನ ನೋಡಬೇಕು.”

“ಒಮ್ಮೆ ಮಲಗಿನೂ ನೋಡ್ರಿ ಮತ್ತ,” ಅಂದ ಪಾಪ, ಕೆಳಗ ಇಳಿಸಿದ್ರ ಸಾಕಾಗಿತ್ತು ಅವಂಗ.

ಮಲಗಿದ್ನಿ. ದಿನಾ ಓಡ್ಯಾಡಿ ದಣದಿದ್ನೋ ಏನೋ, ಮ್ಯಾಲ ಎಸಿ ಬ್ಯಾರೆ, ಕಣ್ಣು ಹತ್ತಿಬಿಡ್ತು. ಎಚ್ಚರಾದಾಗ ಗಂಡ-ಹೆಂಡತಿ ಇಬ್ರು ಮಂಚದ ಸುತ್ತ ತಿರಗಾಕತ್ತಿದ್ರು. ಹೆಣ್ಣಮಗಳು ನನ್ನ ಕಡೆ ಕೈ ಮಾಡಿ ಮೆಲ್ಲಕ ಕೇಳಿದ್ಳು:

“ಇವ್ರು ಮಂಚದ ಸಂಗಟ ಬರ್ತಾರೇನ್ರಿ?”

“ಹೌದ್ರೀ ಬಾಯಾರ,” ಅಂದ ಅಂಗಡಿಯಾಂವ, “ಫುಕಟ್ ಕೊಡ್ತೇವಿ. ಎದ್ದು ಮತ್ತ ಬೈಠಕ್ ಹೊಡಿಯೂದ್ರಾಗ ಜಲ್ದಿ ಒಯ್ರಿ.”

ನಾ ಎದ್ದು, ಆ ಮಂಚಾನ ತಗೊಂಡ್ನಿ.

೩. ಪ್ಲಾಟ್‌ಫಾರ್ಮ್

ಅಂಗಡಿಯಿಂದಾನ ನಮ್ಮಾಕಿಗೆ ಫೋನ್ ಹಚ್ಚಿದ್ನಿ. ನಾಳಿ ಆಕಿನ್ನ ದವಾಖಾನಿಯಿಂದ ಬಿಡವ್ರಿದ್ರು, ನಮ್ಮ ಮಗಳು ಸಂಗಟ ಇದ್ಳು.

“ಮಂಚ ತಗೊಂಡ್ನಿ. ಪ್ಲಾಟ್‌ಫಾರ್ಮ್ ಮಂಚ ಅಂತಾರ ಇದಕ್ಕ.”

“ಪ್ಲಾಟ್‌ಫಾರ್ಮ್ ಮ್ಯಾಲ ಮಲಗಾಕ ನಾ ಏನ್ ಕುಡಚಿ ಸ್ಟೇಷನ್‌ದಾಗ ಗಾಡಿ ತಪ್ಪಿಸಿಕೊಂಡೇನೇನ್ರಿ?”

“ಸ್ಟೇಷನ್ ಅಲ್ಲ ಬೇ. ಸ್ಪ್ರಿಂಗ್ ಇಲ್ಲ, ಪೆಟಿಗಿ ಇಲ್ಲ. ಸಪಾಟ ಹಲಿಗಿ, ಭಾಳ ಎತ್ತರಿಲ್ಲ, ಗಟ್ಟಿ. ಮ್ಯಾಲ ಗಾದಿ ಹಾಕೂದು.”

“ಅಂದ್ರ ಕಟ್ಟಿ ಅನ್ರಿ.”

“ಕಟ್ಟಿ ಅಲ್ಲ, ಮಂಚ.”

“ಸಪಾಟ ಅಂದ್ರಿ, ಗಟ್ಟಿ ಅಂದ್ರಿ, ಎತ್ತರಿಲ್ಲ ಅಂದ್ರಿ. ಅಂಥಾದ್ದು ನಮ್ಮ ಮನಿ ಬಾಗಲದಾಗ ಐತಲ್ಲ. ಊರಾಗಿನ ಮುದುಕ್ರೆಲ್ಲಾ ಅದರ ಮ್ಯಾಲ ಕುಂತಿರ್ತಾರ. ಅವ್ರನ್ನ ಎಬ್ಬಿಸಿ ಗಾದಿ ಹಾಕಿದ್ರ ಮುಗೀತಿತ್ತು. ಅದಕ್ಕ ಮುಧೋಳತನಾ ಯಾಕ್ ಹೋದ್ರಿ?”

೪. ಅಡ್ಡ ಹಾದಿ

ಮರುದಿನ ಮುಂಜಾನಿ ಮಂಚ ತರಾಕ ಸಾಮಾನು ಒಯ್ಯೂ ಮೂರು ಗಾಲಿ ಟಂಟಂ ಒಂದು ಮಾಡಿದ್ನಿ. ಮಂಚ ಬಿಡಿ ಬಿಡಿ ಆಗಿ ಬಂತು, ಉದ್ದುದ್ದ ಹಲಿಗಿ, ಪಟ್ಟಿ. ಗಟ್ಟಿ ಕಟ್ಟಿಗಿ ಅಂದ್ರ ವಜ್ಜಾ ಏನ್ ಕೇಳ್ತೀರಿ. ನಮ್ಮಾಕಿನ್ನ ಸಂಜಿಮುಂದ ಆಕಿ ತಮ್ಮ ಕಾರಿನ್ಯಾಗ ಕರಕೊಂಡು ಬರಾಂವ. ಮಂಚ ನೋಡಾಂವ, ಇಲ್ಲಂದ್ರ ಹಂಗ ಗಲಗಲಿಗೆ ಗಾಡಿ ತಿರುಗಿಸಾಂವ. ನನಗ ಕುಂತಲ್ಲಿ ಕುಂಡ್ರಾಕ ಆಗವಲ್ಲದು.

ಕಬ್ಬಿನ ಹಂಗಾಮ. ಹಾದಿ ತುಂಬ ಕಬ್ಬಿನ ಟ್ರ್ಯಾಕ್ಟರ್, ಒಂದೊಂದಕ್ಕ ಎರಡೆರಡು ಟ್ರೇಲರ್. ಮುಂದ ಹೋಗಂಗಿಲ್ಲ, ಬಾಜೂ ಸರಿಯಂಗಿಲ್ಲ.

“ಎಡಕ್ಕ ಹೊಡಿ,” ಅಂದ್ನಿ ಡ್ರೈವರಗ. “ಅಡ್ಡ ಹಾದಿ ಐತಿ. ಈ ಭಾಗದಾಗ ನನಗ ಗೊತ್ತಿಲ್ಲದ ಹಾದಿ ಇಲ್ಲ.”

“ಅಲ್ಲೂ ಟ್ರ್ಯಾಕ್ಟರ್ ಹೊಂಟಾವಲ್ರಿ.”

“ಅವಕ್ಕೂ ಗೊತ್ತೈತಿ ಅಂತ ಅರ್ಥ. ಹೊಡಿ.”

ಹೊಡದ. ಮುಂದೊಂದು ಟ್ರ್ಯಾಕ್ಟರ್, ಹಿಂದೊಂದು ಟ್ರ್ಯಾಕ್ಟರ್, ನಡುವ ನಮ್ಮ ಟಂಟಂ. ಸರದಿ ಮೆಲ್ಲಕ ಸರಕೋತ ಸರಕೋತ ಒಂದು ದೊಡ್ಡ ಗೇಟ್ ದಾಟಿ ಒಳಗ ಹೋತು. ನೋಡ್ತೇನಿ, ಸಕ್ಕರಿ ಫ್ಯಾಕ್ಟರಿ. ನಮ್ಮ ಟಂಟಂ ತೂಕದ ಕಾಂಟಾದ ಮ್ಯಾಲ ನಿಂತಿತ್ತು.

ತೂಕ ಮಾಡಾಂವ ಕಿಡಕಿಯಿಂದ ಹಣಿಕಿ ಹಾಕಿದ. “ಕಬ್ಬು ಎಲ್ಲೈತ್ರಿ?”

“ಕಬ್ಬಲ್ಲ. ಮಂಚ.”

ಅಂವಾ ಇಳದು ಬಂದು ಹಲಿಗಿ ಒಂದ್ ಸುತ್ತು ನೋಡಿದ. “ನುರಿಸಿ ಕೊಡತೇವ್ರಿ ಅಜ್ಜಾರ, ನಮದೇನ್ ಹೋಗೂದೈತಿ. ಆದ್ರ ಸಕ್ಕರಿ ಬರ್ಲಿಲ್ಲಂತ ನಮ್ಮ ಸಂಗಟ ಜಗಳಾ ತಗಿಬ್ಯಾಡ್ರಿ.”

೫. ಬಗ್ಗಿದ ಮೊಳಿ

ಮನಿ ಮುಟ್ಟೂದ್ರಾಗ ಮಧ್ಯಾಹ್ನ. ಮಂಚದ ಸಂಗಟ ಚಿತ್ರ ತಗದ ಒಂದು ಹಾಳಿ ಬಂದಿತ್ತು, ಹೆಂಗ ಕೂಡಿಸಬೇಕಂತ. ಅದನ್ನ ಚಹಾದ ಕಪ್ಪಿನ ಕೆಳಗ ಇಟ್ನಿ. ನನಗ ಚಿತ್ರ ತೋರಸ್ತಾರ.

ಬೋಲ್ಟಿನ ಚೀಲ ಸುರುವಿದ್ನಿ. ಅದರಾಗ ಒಂದು ಸಣ್ಣ ಕಬ್ಬಿಣದ ಮೊಳಿ, ಒಂದು ತುದಿಗೆ ಬಗ್ಗಿ ಎಲ್ ಅಕ್ಷರದಂಗ ಕಾಟಕೋನ ಆಗಿಬಿಟ್ಟೈತಿ. ದಾರ್ಯಾಗ ಹಲಿಗಿ ಕೆಳಗ ಸಿಕ್ಕಿರಬೇಕು ಅಂದ್ಕೊಂಡ್ನಿ. ನಾ ಬಗ್ಗಿದ್ದು ಕಂಡ್ರ ಸುಮ್ಮ ಇರಾಂವಲ್ಲ. ಕಲ್ಲಿನ ಮ್ಯಾಲಿಟ್ಟು ಸುತ್ತಿಗಿಲೆ ಬಡದ್ನಿ. ಗಟ್ಟಿ ಇತ್ತು, ಆದ್ರ ನನ್ನ ಕೈಯಾಗ ಯಾವ ಕಬ್ಬಿಣ ಉಳದೈತಿ. ನೆಟ್ಟಗ ಸೂಜಿಯಂಗ ಮಾಡಿ ಇಟ್ನಿ.

ಆಮ್ಯಾಲ ಬೋಲ್ಟ್ ತಗೊಂಡ್ರ, ತಲಿಗೆ ನಟ್ಟು ತಿರುವೂ ಪಾನಾ ಕುಂಡ್ರವಲ್ಲದು. ತಲಿ ದುಂಡಗ, ನಡುವ ಆರು ಮೂಲಿ ತೂತು. ಅಂಗಡಿಯಾಂವಗ ಫೋನ್ ಹಚ್ಚಿ ಝಾಡಿಸಿದ್ನಿ.

“ಬೋಲ್ಟ್ ತಿರುವೂ ಚಾವಿ ಎಲ್ಲೋ? ಚಾವಿ ಇಲ್ಲದ ಬೋಲ್ಟ್ ಕಳಿಸಿ. ಮ್ಯಾಲ ಒಂದು ಬಗ್ಗಿದ ಮೊಳಿ ಬ್ಯಾರೆ. ಅದನ್ನ ನೆಟ್ಟಗ ಮಾಡೂದ್ರಾಗ ನನ್ನ ರಟ್ಟಿ ಬಿದ್ದು ಹೋತು.”

ಅಂವಾ ಮೊದಲ ಆ ಮೊಳಿ ಎಷ್ಟುದ್ದ ಇತ್ತಂತ ಕೇಳಿದ. ಆಮ್ಯಾಲ ಅಂದ: “ಅಜ್ಜಾರ, ಬಗ್ಗಿದಾಗ ಅದು ಚಾವಿ ಇತ್ರಿ. ಈಗ ಮೊಳಿ ಆತು.”

ಬಾಜೂ ಮಗ್ಗದ ಮನಿಯಿಂದ ಅಂಥಾದ್ದೊಂದು ಇಸ್ಕೊಂಡು ಬಂದ್ನಿ. ಅವ್ರಿಗೆ ನನ್ನ ಚಾವಿ ಕೆಟ್ಟೈತಿ ಅಂತ ಅಷ್ಟ ಹೇಳಿದ್ನಿ.

೬. ಹಾರ

ಈಗ ಖರೇ ಮಾತಿಗೆ ಬರ್ತೇನಿ.

ಟಂಟಂದಾಗಿಂದ ಹಲಿಗಿ ಇಳಸೂ ಮುಂದ ಎದುರುಮನಿ ಅಕ್ಕ ಬಾಗಲದಾಗ ನಿಂತಿದ್ಳು. ಓಣಿ ತುಂಬ ಮಗ್ಗದ ಖಟಾಖಟಿ. ಒದರೇ ಕೇಳಿದ್ಳು: “ಯಾರಿಗ್ರೀ ಇಷ್ಟು ಕಟ್ಟಿಗಿ?”

ನಾ ಅವಸರದಾಗಿದ್ನಿ. ಧೂಳಿಗೆ ಕಣ್ಣು ಕೆಂಪಗಾಗಿ ನೀರು ಸುರ್ಯಾಕತ್ತಿತ್ತು. “ನಮ್ಮಾಕಿಗೆ,” ಅಂತ ಒದರಿದ್ನಿ. “ಸಂಜಿಮುಂದ ಜಮಖಂಡಿಯಿಂದ ತರ್ತಾರ. ಅಷ್ಟ್ರಾಗ ತಯಾರ ಆಗಬೇಕು.”

ಅಂದು ಒಳಗ ಹೋಗಿ ಬಡಿಯಾಕ ಹತ್ತಿದ್ನಿ.

ನಮ್ಮ ಮಂದ್ಯಾಗ ಸತ್ತವ್ರನ್ನ ಮಲಗಿಸಿ ಒಯ್ಯಂಗಿಲ್ಲ. ಕಟ್ಟಿಗಿ ವಿಮಾನ ಕಟ್ಟಿ, ಅದರಾಗ ಕುಂಡ್ರಿಸಿ, ಹಾರ ಹಾಕಿ ಹೊಲಕ್ಕ ಹೂಳಾಕ ಒಯ್ತಾರ. ಹೆಂಡತಿ ದವಾಖಾನ್ಯಾಗ, ಮನಿಗೆ ಹೊಸಾ ಕಟ್ಟಿಗಿ, ಗಂಡನ ಕಣ್ಣಾಗ ನೀರು, ಒಳಗ ಸುತ್ತಿಗಿ ಸಪ್ಪಳಾ. ಓಣಿ ಮಂದಿ ಏನ್ ತಿಳಕೋಬೇಕೋ ಅದನ್ನ ತಿಳಕೊಂಡ್ರು. ನನಗ ಇದು ಆಮ್ಯಾಲ ಗೊತ್ತಾತು.

ಕಡೀ ಪಟ್ಟಿ ಕೂಡಿಸಾಕತ್ತಿದ್ನಿ, ಬಾಜೂಮನಿ ಮಾಸ್ತರು ಬಂದ್ರು, ರಿಟಾಯರ್ ಆದವ್ರು. ನನ್ನ ಹೆಗಲ ಮ್ಯಾಲ ಕೈ ಇಟ್ರು.

“ಧೈರ್ಯಾ ತಗೋರಿ. ಎಲ್ಲಾ ದೇವರಿಚ್ಛಾ.”

“ದೇವರೇನ್ ಮಾಡ್ತಾನ್ರಿ,” ಅಂದ್ನಿ. “ಡಾಕ್ಟರು ಮೊದಲ ಹೇಳಿದ್ರು. ನಾನ ತಡಾ ಮಾಡಿದ್ನಿ.”

ಮಾಸ್ತರು ಕಣ್ಣು ಒರಸ್ಕೊಂಡ್ರು. “ಎಲ್ಲಿ ಇಡೂದು ಮಾಡೀರಿ?”

“ಇಲ್ಲೇ. ಈ ಕ್ವಾಣ್ಯಾಗ.”

“ಮನ್ಯಾಗಾ? ಹೊಲದಾಗ ಅಲ್ಲಾ?”

“ಹೊಲದಾಗ ಯಾಕ್ರಿ ಮಾಸ್ತರ, ಮಳಿ ಬಂದ್ರ ತೊಯ್ಸಿಕೊಳ್ಳಂಗಿಲ್ಲೇನು?”

ಅವ್ರು ನನ್ನ ಮಾರಿ ನೋಡಕೋತ ಕುಂತ್ರು. “ಕಾಯಂ ಇಲ್ಲೇನಾ?”

“ಕಾಯಂ. ನನಗೂ ಬಾಜೂ ಜಾಗಾ ಬಿಟ್ಟೈತಿ. ಡಬಲ್ ತಗೊಂಡೇನಿ.”

ಮಾಸ್ತರು ನನಗ ಒಂದ್ ತಂಬಿಗಿ ನೀರು ಕುಡಿಸಿ, ಹಿಂದಕ್ಕ ಹಿಂದಕ್ಕ ಹೆಜ್ಜಿ ಇಟ್ಟು ಹೊರಗ ಹೋದ್ರು.

ನಾ ಪಟ್ಟಿ ಬಿಗಿ ಮಾಡಿ ಗಾದಿ, ತಲಿದಿಂಬು ಹಾಕಿದ್ನಿ. ಸ್ವಲ್ಪ ಹೊತ್ತಿನ್ಯಾಗ ಓಣ್ಯಾಗಿನ ಮಗ್ಗ ಒಂದೊಂದ ನಿಂತ್ವು. ಕರೆಂಟ್ ಹೋತು ಅಂದ್ಕೊಂಡ್ನಿ. ಮ್ಯಾಲ ನೋಡಿದ್ರ ಫ್ಯಾನ್ ತಿರಗಾಕತ್ತೈತಿ. ನಮ್ಮ ಓಣ್ಯಾಗ ಕರೆಂಟ್ ಇದ್ದೂ ಮಗ್ಗ ನಿಂತ್ವಂದ್ರ ಯಾರೋ ಹೋಗ್ಯಾರ ಅಂತನ ಅರ್ಥ. ಕೈ ಒರಸ್ಕೊಂಡು ಹೊರಗ ಬಂದ್ನಿ. ನಮ್ಮ ಕಟ್ಟಿ ತುಂಬ ಮಂದಿ. ಮಾಸ್ತರ ಕೈಯಾಗ ಹಾರ. ಅಂಗಳದಾಗ ಎದುರುಮನಿ ಅಕ್ಕ ಕುಂತು ಹಾಡ್ಯಾಡಿ ಅಳಾಕತ್ತಾಳ. ಆ ಅಕ್ಕ ಅಳೂದಂದ್ರ ಸುಮ್ಮ ಅಲ್ಲ, ಸತ್ತವ್ರ ಗುಣಾ ಎಲ್ಲಾ ರಾಗ ಮಾಡಿ ಹೇಳತಾಳ.

“ಯಾರು ಹೋದ್ರು?” ಅಂತ ಕೇಳಿದ್ನಿ.

“ಪಾಪ, ತಲಿ ಕೆಟ್ಟೈತಿ,” ಅಂತ ಯಾರೋ ಅಂದ್ರು.

ಅಕ್ಕ ನನ್ನ ನೋಡಿ ದನಿ ಇನ್ನಷ್ಟು ಏರಿಸಿದ್ಳು. “ಇಂಥಾ ಸಿಡುಕ ಗಂಡನ್ನ ಹೆಂಗ ಬಾಳಿಸಿದೆ ನನ್ನವ್ವಾ… ತಾನೂ ಕುಂಡ್ರಲಿಲ್ಲ, ನಿನ್ನೂ ಕುಂಡ್ರಗೊಡಲಿಲ್ಲ ನನ್ನವ್ವಾ…”

ಅಷ್ಟ್ರಾಗ ಕಾರ ಬಂತು. ಮೊದಲ ಆಕಿ ತಮ್ಮ ಇಳದ, ಆಮ್ಯಾಲ ಮಗಳು. ಅವರಿಬ್ರ ನಡುವ ವಾಕರ ಹಿಡಕೊಂಡು ನಮ್ಮಾಕಿ ಇಳದ್ಳು.

ಅಳೂದು ಗಕ್ಕನ ನಿಂತು ಹೋತು. ಮಾಸ್ತರು ಹಾರ ಬೆನ್ನ ಹಿಂದ ಮುಚ್ಚಿಟ್ಕೊಂಡ್ರು.

ಆಕಿ ಎಲ್ಲಾರ ಮಾರಿ ಒಂದ್ ಸುತ್ತು ನೋಡಿದ್ಳು. “ಹಾರ ಯಾರಿಗ್ರಿ ಮಾಸ್ತರ?”

“ಮಂಚಕ್ಕ,” ಅಂದ್ನಿ ನಾ. “ಹೊಸಾದೈತಲ್ಲ, ಪೂಜಿ.”

ಆಕಿ ತಮ್ಮಗ ಎಲ್ಲಾ ತಿಳೀತು. “ಅಕ್ಕಾ, ನಡಿ ಗಲಗಲಿಗೆ,” ಅಂದ. “ಇಲ್ಲಿ ಇವ್ರು ನೀ ಬರೂದ್ರಾಗ ನಿನ್ನ ಕಳಿಸಿ ಕೈ ತೊಳಕೊಂಡಾರ.” ಕಾರಿನ ಬಾಗಲಾ ತಗದ ನಿಂತ.

ಆಕಿ ವಾಕರ ಟಕ್ ಟಕ್ ಅನಿಸ್ಕೋತ ಒಳಗ ಹೋದ್ಳು. ನಾ ಬಾಗಲದಾಗ ನಿಂತು ನೋಡಿದ್ನಿ. ಮಂಚದ ಮ್ಯಾಲ ಕೈ ಒತ್ತಿದ್ಳು. ಮೆಲ್ಲಕ ಕುಂತ್ಳು. ಕಿರ್ರ್ ಅನ್ಲಿಲ್ಲ. ಅಂದೀತು ಹೆಂಗ, ನಾ ಬಿಗಿ ಮಾಡಿದ್ದು. ಮಗಳು ಕಾಲು ಎತ್ತಿ ಇಟ್ಳು. ಮಲಗಿದ್ಳು. ಮ್ಯಾಲ ಫ್ಯಾನ್ ನೋಡಿದ್ಳು. ಮಂದಿ ಎಲ್ಲಾ ಕಿಡಕ್ಯಾಗ ನಿಂತಾರ.

ಆಮ್ಯಾಲ ಒಳಗಿಂದ ದನಿ ಬಂತು, ತಮ್ಮಗ.

“ಕಾರಿನ ಬಾಗಲಾ ಹಾಕೋಪಾ. ನೀ ಒಂದ್ ಕಪ್ ಚಹಾ ಕುಡದು ಹೋಗು. ನಾ ಇಲ್ಲೇ ಇರ್ತೇನಿ.”

“ಅಕ್ಕಾ, ಇಂಥಾವ್ರ ನಡುವ…”

“ಇಂಥಾವ್ರು ಗಲಗಲ್ಯಾಗ ಎಲ್ಲಿ ಸಿಗತಾರ?” ಅಂದು ನಮ್ಮಾಕಿ ತಲಿದಿಂಬು ಸರಿ ಮಾಡ್ಕೊಂಡ್ಳು. “ಎದುರುಮನಿ ಅಕ್ಕಾರ, ಒಳಗ ಬರ್ರಿ. ಹಿಂಗ ಬಾಜೂ ಕುಂಡರ್ರಿ, ಡಬಲ್ ಐತಿ. ಕಾರಿನ್ಯಾಗ ಕೇಳಿದ್ನಿ, ಸಿಡುಕ ಗಂಡನ ಮಾತಿಗೆ ಬಂದು ನಿಲ್ಲಿಸಿದ್ರಲ್ಲ. ಅಲ್ಲಿಂದ ಮುಂದ ಹಾಡ್ರಿ. ಸ್ವಲ್ಪ ದನಿ ತಗದು ಹಾಡ್ರಿ, ಅವ್ರು ಬಾಗಲದಾಗ ನಿಂತಾರ.”