ಟಾರ್ಚು ಭಾವನದು, ಕಡ್ಡಿ ಭಾಮೈದನದು

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಮಾತು ಜೋಡಿಸುವುದೂ ಅಷ್ಟಾಗಿ ಬರುವುದಿಲ್ಲ. ಒಂಬತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಅಪ್ಪ, ಸೋದರಮಾವ, ಅಜ್ಜಿ ಆಡಿದ ಮಾತನ್ನು ಆಡಿದ ಹಾಗೇ ಬರೆದಿದ್ದೇನೆ. ಬರೆಯಬಾರದ ಬೈಗುಳಗಳನ್ನು ಮಾತ್ರ ಬಿಟ್ಟಿದ್ದೇನೆ.

ಅಪ್ಪ: ಕಡ್ಡಿ ಕೊಡು ಅಂದ್ರೆ ಕೊಡು.

ಮಾವ: ನೀವು ಟಾರ್ಚ್ ಕೊಡಿ ಭಾವ. ಕಡ್ಡಿ ತಾನಾಗೇ ಅದರ ಜೊತೆ ಸೇರ್ಕೊಳ್ಳತ್ತೆ.

ಅಪ್ಪ: ಟಾರ್ಚ್ ನಂದು. ಮಿಷನ್ ನಂದು. ಗ್ಯಾಸ್ ನಂದು. ನೀನು ಕೂತಿರೋ ಸ್ಟೂಲೂ ನಂದು.

ಮಾವ: ಕೆಟಲ್ ನಮ್ಮಮ್ಮಂದು.

ಅಪ್ಪ ಟಾರ್ಚನ್ನು ಎದೆಗೆ ಒತ್ತಿ ಹಿಡಿದುಕೊಂಡ.

ಇದು ನಡೆದದ್ದು ಇವತ್ತು ಮಧ್ಯಾಹ್ನ, ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ. ಅಪ್ಪನ ಕೆಲಸ ನೋಡುತ್ತಲೇ ಬೆಳೆದ ನಾನು ಬಾಗಿಲ ಪಕ್ಕ ನಿಂತಿದ್ದೆ. ಮೇಜಿನ ಮೇಲಿದ್ದದ್ದು ಅಜ್ಜಿಯ ತಾಮ್ರದ ಕೆಟಲ್. ಅದರ ಅಡಿಯಲ್ಲಿ ಸಾಸಿವೆಯಷ್ಟು ತೂತು. ‘ಸೋರದ ಹಾಗೆ ಯಾರು ಮಾಡ್ತೀರೋ ಕೆಟಲ್ ಅವರದೇ’ ಎಂದು ಅಜ್ಜಿ ಊಟದ ಹೊತ್ತಿನಲ್ಲಿ ಹೇಳಿಬಿಟ್ಟಿದ್ದಳು. ಆ ಕೆಟಲ್ ಮೇಲೆ ಅಪ್ಪನಿಗೂ ಕಣ್ಣು, ಸೋದರಮಾವನಿಗೂ ಕಣ್ಣು. ವಿದ್ಯುತ್ತಿನ ಕಿಡಿಯಿಂದ ಲೋಹ ಕರಗಿಸುವ ಟಿಗ್ ವೆಲ್ಡಿಂಗ್ ಯಂತ್ರ, ಆ ಕಿಡಿ ಹೊರಡುವ ಟಾರ್ಚು ಎರಡೂ ಅಪ್ಪನದು. ತೂತು ತುಂಬುವ ಕಂಚಿನ ಕಡ್ಡಿ ಮಾವ ತಂದದ್ದು. ಈ ಕೆಲಸದಲ್ಲಿ ಒಂದು ಕೈಯಲ್ಲಿ ಟಾರ್ಚು ಹಿಡಿದು ಲೋಹ ಕರಗಿಸಬೇಕು, ಇನ್ನೊಂದು ಕೈಯಲ್ಲಿ ಕಡ್ಡಿ ತಾಗಿಸಬೇಕು. ಎರಡು ಕೈಯೂ ಒಬ್ಬರದೇ ಆಗಿರಬೇಕು. ಇಲ್ಲಿ ಎರಡು ಕೈಗೆ ಇಬ್ಬರು ಯಜಮಾನರು.

ಮಾವ: ಹೋಗಲಿ, ನೀವು ಕರಗಿಸಿ. ನಾನು ಕಡ್ಡಿ ಹಾಕ್ತೀನಿ.

ಅಪ್ಪ: ಒಂದು ಸೂಜಿಗೆ ಇಬ್ಬರು ದಾರ ಪೋಣಿಸೋದು ಎಲ್ಲಾದ್ರೂ ನೋಡಿದ್ದೀಯಾ?

ಮಾವ: ಸೂಜಿ ಹಿಡಿದೋರು ಬಿಡದೇ ಇದ್ರೆ ಇನ್ನೇನು ಮಾಡೋದು?

ಇಬ್ಬರೂ ಕಣ್ಣು ಕಾಯುವ ಮುಖವಾಡವನ್ನು ಮುಖದ ಮೇಲೆ ಇಳಿಸಿಕೊಂಡರು. ನೀಲಿ ಬೆಳಕು ಚಿಮ್ಮಿತು. ತಾಮ್ರ ಮಾತ್ರ ಕರಗಲಿಲ್ಲ.

ಮಾವ: ಏನಾಯ್ತು ಭಾವ? ಕಡ್ಡಿ ಹಿಡಿದು ನನ್ನ ಕೈ ಸೋತುಹೋಯ್ತು.

ಅಪ್ಪ: ತಾಮ್ರ ಕಣಯ್ಯಾ. ಒಂದು ಕಡೆ ಶಾಖ ಕೊಟ್ರೆ ಮೈಯೆಲ್ಲಾ ಹಂಚಿಬಿಡತ್ತೆ. ಎಲ್ಲೂ ನಿಲ್ಲಲ್ಲ. ನಿಂಗೆ ಹೇಳಿದ ಬುದ್ಧಿಮಾತಿನ ಹಾಗೆ.

ಮಾವ: ನಿಮ್ಮ ಬುದ್ಧಿಮಾತಿಗೆ ಶಾಖ ಎಲ್ಲಿತ್ತು ನಿಲ್ಲೋಕೆ? ಮೊದಲು ಬ್ಲೋ ಲ್ಯಾಂಪ್ ಹಿಡಿದು ಇಡೀ ಕೆಟಲ್ ಕಾಯಿಸ್ಬೇಕು. ಇದೂ ಗೊತ್ತಿಲ್ದೇ ಮಿಷನ್ ತಂದ್ರಾ?

ಅಪ್ಪ: ಗೊತ್ತಿತ್ತು. ನಿನ್ನ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ.

ಅಪ್ಪ ಬ್ಲೋ ಲ್ಯಾಂಪ್ ಹಚ್ಚಿ ಅದರ ಉರಿಯನ್ನು ಕೆಟಲಿನ ಮೈಗೆಲ್ಲಾ ಹಿಡಿದ. ಕೆಟಲ್ ಮೊದಲು ಮಂಕಾಯಿತು, ಆಮೇಲೆ ಕಾಮನಬಿಲ್ಲಿನ ಬಣ್ಣಕ್ಕೆ ತಿರುಗಿತು.

ಮಾವ: ಇನ್ನೂ ಸ್ವಲ್ಪ.

ಅಪ್ಪ: ಸಾಕು.

ಮಾವ: ಹೆದರ್ಕೊಂಡ್ರೆ ಬಿಡಿ.

ಅಪ್ಪ: ಹೆದರಿಕೆ? ನಂಗೆ? ತಗೋ, ಇನ್ನೂ ಸ್ವಲ್ಪ! ನೀನು ಹೇಳಿದೆ ಅಂತ ಅಲ್ಲ ಮತ್ತೆ, ನಂಗೇ ಅನ್ನಿಸ್ತು ಅಂತ.

ಠಣ್ ಎಂದು ಹಿಡಿ ಕಳಚಿ ಮೇಜಿಗೆ ಬಿತ್ತು. ಅದನ್ನು ನೋಡುತ್ತಿದ್ದಂತೆ ಮೂತಿ ಮೆಲ್ಲಗೆ ತಲೆ ತಗ್ಗಿಸಿ ನೆಲಕ್ಕೆ ಉರುಳಿತು.

ಕೆಟಲಿನ ಹೊಟ್ಟೆ ತಾಮ್ರದ್ದು ನಿಜ. ಮೂತಿ ಹಿತ್ತಾಳೆಯದು, ಹಿಡಿ ಕಂಚಿನದು. ಮೂರನ್ನೂ ಯಾರೋ ಯಾವಾಗಲೋ ತವರದ ಬೆಸುಗೆ ಹಾಕಿ ಕೂಡಿಸಿದ್ದರು. ಆ ಬೆಸುಗೆ ತಾಮ್ರಕ್ಕಿಂತ ಎಷ್ಟೋ ಮೊದಲೇ ಬೆಣ್ಣೆಯ ಹಾಗೆ ಕರಗಿಬಿಡುತ್ತದೆ.

ಮಾವ: ಭಾವ, ಅಮ್ಮ ಎಲ್ಲಿದ್ದಾಳೆ?

ಅಪ್ಪ: ಹಿತ್ತಲಲ್ಲಿ ಬಟ್ಟೆ ತೆಗೀತಿದ್ದಾರೆ. ಬಾಯಿ ಮುಚ್ಚು, ಮೂತಿ ಹಿಡಿ.

ಮಾವ: ಯಾರದ್ದು?

ಅಪ್ಪ: ಕೆಟಲಿಂದು ಕಣೋ! ಬರೋದ್ರೊಳಗೆ ಅಂಟಿಸಿಬಿಡೋಣ.

ಟಾರ್ಚು ಹಿತ್ತಾಳೆಗೆ ತಾಗಿದ್ದೇ ತಡ, ಬಿಳಿ ಹೊಗೆ ಭುಸ್ಸೆಂದು ಎದ್ದಿತು. ಹಿತ್ತಾಳೆ ಹೆಚ್ಚು ಕಾದರೆ ಅದರೊಳಗಿನ ಸತು ಕುದಿದು ಹೀಗೆ ಹೊರಬರುತ್ತದೆ. ಅದನ್ನು ಉಸಿರಾಡಿದರೆ ಜ್ವರ ಬರುತ್ತದೆ.

ಮಾವ: (ಕೆಮ್ಮುತ್ತಾ) ಫ್ಯಾನ್ ಹಾಕಿ!

ಅಪ್ಪ: ಫ್ಯಾನ್ ಹಾಕಿದ್ರೆ ಬೆಸುಗೆಗೆ ಗಾಳಿ ತಾಗದ ಹಾಗೆ ಕಾಯೋ ಗ್ಯಾಸ್ ಹಾರಿಹೋಗತ್ತೆ!

ಮಾವ: ಹಾಕದೇ ಇದ್ರೆ ನಾನು ಹಾರಿಹೋಗ್ತೀನಿ!

ಅಪ್ಪ: ಕಡ್ಡಿ ಇಟ್ಟು ಹೋಗು ಮತ್ತೆ!

ಹಾರಿಹೋಗುತ್ತೇನೆ ಎಂದವನು ಕಡ್ಡಿ ಮಾತ್ರ ಬಿಡಲಿಲ್ಲ. ಹೊಗೆಯಲ್ಲಿ ಕುರುಡನ ಹಾಗೆ ಅದನ್ನು ಮುಂದೆ ಚುಚ್ಚಿದ. ಚಟಚಟ ಸದ್ದಾಗಿ ಬೆಳಕು ಆರಿತು. ನಾನು ಬಾಗಿಲು, ಕಿಟಕಿ ಎರಡನ್ನೂ ತೆರೆದೆ. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು, ಹೆಗಲ ಮೇಲೆ ಒಣಗಿದ ಬಟ್ಟೆಯ ರಾಶಿ.

ಅಜ್ಜಿ: ಸೋರೋದು ನಿಂತಿತಾ?

ಇಬ್ಬರೂ ಗೋಡೆ ನೋಡಿದರು.

ಅಜ್ಜಿ: ಒಂದು ತೂತು ಅಂತ ಕೊಟ್ಟೆ. ಈಗ ತೂತು ಯಾವುದು, ಕೆಟಲ್ ಯಾವುದು ಅಂತಲೇ ತಿಳೀತಿಲ್ಲ. ಯಾರ ಕೆಲಸ ಇದು?

ಅಪ್ಪ: ಕಾಯಿಸಿ ಅಂದಿದ್ದು ನಿಮ್ಮ ಮಗ.

ಮಾವ: ಕಾಯಿಸಿದ್ದು ನಿನ್ನ ಅಳಿಯ. ಟಾರ್ಚ್ ಅವರದ್ದು. ಮಿಷನ್ ಅವರದ್ದು. ನಾನು ಕೂತಿದ್ದ ಸ್ಟೂಲೂ ಅವರದ್ದೇ.

ಅಪ್ಪ: ಕಡ್ಡಿ ಅವನದ್ದು ಅತ್ತೆ. ಕಡ್ಡಿ ಇಲ್ದೇ ಟಾರ್ಚ್ ಏನು ಮಾಡತ್ತೆ?

ಅಜ್ಜಿ: ಎಲ್ಲಿ, ಕಡ್ಡಿ ತೋರಿಸು.

ಮಾವ ಕೈ ಎತ್ತಿದ. ಕಡ್ಡಿಯ ಜೊತೆ ಟಾರ್ಚೂ ಎದ್ದು ಬಂತು, ಟಾರ್ಚಿನ ಜೊತೆ ಅಪ್ಪನ ಕೈಯೂ ಬಂತು. ಕಡ್ಡಿ ಟಾರ್ಚಿನ ಮೊನೆಗೇ ಗಟ್ಟಿಯಾಗಿ ಬೆಸೆದುಕೊಂಡಿತ್ತು.

ಅಜ್ಜಿ: ಅಂತೂ ಒಂದನ್ನ ಬೆಸೆದಿರಲ್ಲ. ಚೆನ್ನಾಗಿ ಕೂತಿದೆ, ಬಿಡಿಸ್ಬೇಡಿ.

ಮಾವ: ಅಮ್ಮಾ, ಕೆಟಲ್...

ಅಜ್ಜಿ: ಯಾಕೆ ಚಿಂತೆ? ಭಾಗ ನೀವೇ ಮಾಡಿದ್ದೀರಲ್ಲ. ಹಿಡಿ ಅಳಿಯಂದಿರಿಗೆ, ಹಿಡಿದಿದ್ದು ಬಿಡೋ ಜಾತಿ ಅಲ್ಲ. ಮೂತಿ ನಿನಗೆ. ಮೂತಿ ಎರಡಾದ್ರೆ ಮಾತಾಡೋಕೆ ಇನ್ನೂ ಅನುಕೂಲ.

ಅಪ್ಪ ಹಿಡಿಯನ್ನು ಕೈಗೆ ತೆಗೆದುಕೊಂಡ. ಅದಿನ್ನೂ ಬಿಸಿಯಿತ್ತು. ತಕ್ಷಣ ಬಿಟ್ಟ.

ಅಜ್ಜಿ: ಓಹೋ, ಬಿಡೋದೂ ಗೊತ್ತು.

ಆಗ ನಾನು ಕೇಳಿದೆ. ಕೇಳಬೇಕೆಂದು ಊಟದ ಹೊತ್ತಿನಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ.

ನಾನು: ಅಜ್ಜಿ, ಹೊಟ್ಟೆ ನನಗೆ ಕೊಡ್ತೀಯಾ? ನಾನು ನೋಡ್ತೀನಿ.

ಅಪ್ಪ: ನೀನಾ? ಶಾಲೆಯನ್ನೇ ಮುಗಿಸ್ಲಿಲ್ಲ, ಕೆಟಲ್ ಮುಗಿಸ್ತೀಯಾ?

ಅಜ್ಜಿ: ಮುಗಿಸೋ ಕೆಲಸ ನೀವಿಬ್ಬರೂ ಮಾಡಿದ್ದೀರಿ. ಅವಳು ಶುರು ಮಾಡ್ಲಿ. ಟಾರ್ಚ್, ಕಡ್ಡಿ ಕೊಡಿ ಅವಳಿಗೆ.

ಮಧ್ಯಾಹ್ನವೆಲ್ಲಾ ಬಿಡದವರು ಈಗ ಇಬ್ಬರೂ ಒಟ್ಟಿಗೆ ಕೈ ಬಿಟ್ಟರು. ಬೈಗುಳ ತಿನ್ನುವ ಸರದಿ ನನಗೆ ಬರಲಿ ಎಂದೇ ಇರಬೇಕು.

ನಾಳೆ ಬೆಳಿಗ್ಗೆ ಟಾರ್ಚಿಗೆ ಬೆಸೆದ ಕಡ್ಡಿಯನ್ನು ಕತ್ತರಿಸಿ ಬಿಡಿಸಿ, ಟಾರ್ಚಿನ ಮೊನೆಯನ್ನು ಮತ್ತೆ ಚೂಪು ಮಾಡುತ್ತೇನೆ. ಕೆಟಲಿಗೆ ಅಂಟಿರುವ ಹಳೆಯ ತವರವನ್ನು ಚೂರೂ ಉಳಿಯದಂತೆ ಉಜ್ಜಿ ತೆಗೆಯುತ್ತೇನೆ. ಬೆಸುಗೆಯನ್ನು ಮೊದಲು ತಾಮ್ರದ ಪೈಪಿನ ತುಂಡುಗಳ ಮೇಲೆ ಹಾಕಿ ನೋಡುತ್ತೇನೆ. ಅದು ಸರಿಬಂದ ಮೇಲೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಕಿಟಕಿ ತೆರೆದಿಟ್ಟು, ಎಡಗೈಯಲ್ಲಿ ಕಡ್ಡಿ, ಬಲಗೈಯಲ್ಲಿ ಟಾರ್ಚು ಹಿಡಿದು ಕೂರುತ್ತೇನೆ.