ಎರಡು ಬಿಳಿ ಕೋಳಿಗಳ ಸಂಸಾರ

ಸಲಹೆ ಕೊಡುವುದು ನನಗೆ ಎಲೆ ಅಡಿಕೆ ಇದ್ದ ಹಾಗೆ. ಊಟವಾದ ಮೇಲೆ ಬೇಕೇ ಬೇಕು. ಅರಸೀಕೆರೆ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ತಲೆ ಎತ್ತಿದವನು ನಾನು. ಕಾಯಿಯನ್ನು ಅಲ್ಲಾಡಿಸಿ ಒಳಗೇನಿದೆ ಎಂದು ಹೇಳಬಲ್ಲೆ. ಅದೇ ಧೈರ್ಯದಲ್ಲಿ ಮನುಷ್ಯರನ್ನೂ ಅಲ್ಲಾಡಿಸಿ ನೋಡುತ್ತಿದ್ದೆ.

ನನ್ನ ತಮ್ಮ ಸಿದ್ದನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಇಲ್ಲ. ಹಾರನಹಳ್ಳಿಯ ನೆಂಟರ ಮನೆಯಲ್ಲಿ ಅವನು ತನ್ನ ಹಾಗೆಯೇ ಇದ್ದ ಗೌರಿಯನ್ನು ಕಂಡ. ಇಬ್ಬರೂ ಕೈಯಲ್ಲೇ ಏನೋ ಹರಟಿ, ನನ್ನ ಕಡೆ ನೋಡಿ ನಕ್ಕರು. ಮನೆಗೆ ಬಂದವನೇ ಸಿದ್ದ ನನ್ನೆದುರು ನಿಂತು, ತಾಳಿ ಕಟ್ಟುವಂತೆ ಬೆರಳಾಡಿಸಿದ. ನಾನು ಆಗದೆಂದು ತಲೆಯಾಡಿಸಿದೆ. ಅಂದಿನಿಂದ ಅವನು ನನ್ನ ಮುಖ ನೋಡುವುದನ್ನೇ ಬಿಟ್ಟ. ಅವನೊಡನೆ ಜಗಳವಾಡುವುದು ಕಷ್ಟ. ಕಣ್ಣು ಮುಚ್ಚಿಕೊಂಡರೆ ಅವನ ಪಾಲಿಗೆ ಜಗಳ ಮುಗಿಯಿತು.

"ಇಬ್ಬರಿಗೂ ಕೇಳಲ್ಲ, ಹುಟ್ಟೋ ಕೂಸಿಗೆ ಕೇಳ್ತದೇನೇ? ಅದು ಅತ್ರೆ ಯಾರಿಗೆ ಗೊತ್ತಾಗ್ತದೆ?" ಎಂದು ಹೆಂಡತಿ ಪುಟ್ಟಮ್ಮನಿಗೆ ಬುದ್ಧಿ ಹೇಳಿದೆ.

"ನಾನೇನು ಸತ್ತೋಗಿದೀನಾ?" ಎಂದಳು.

ಆ ಹೊತ್ತಿಗೇ ನನಗೆ ಬಿಳಿ ಕೋಳಿ ಸಾಕುವ ಹುಚ್ಚು ಹಿಡಿದಿತ್ತು. ಅರೇಹಳ್ಳಿಯ ಕಾಫಿ ತೋಟದವರ ಹತ್ತಿರ ಚೌಕಾಸಿ ಮಾಡಿ ಬಿಳಿ ಹುಂಜ ತಂದೆ. ಹಗರೆಯಿಂದ ಹಾಲಿನಂಥ ಬಿಳಿ ಹೇಂಟೆ. ಬಿಳಿಗೆ ಬಿಳಿ, ಲೆಕ್ಕದಲ್ಲಿ ಮೋಸವೆಲ್ಲಿ? ಮೊಟ್ಟೆ ಒಡೆದು ಬಂದವು ನೋಡಿ, ಕಂದು, ಕಪ್ಪು. ಮದ್ದಿಗೆ ಬೇಕೆಂದರೂ ಒಂದು ಬಿಳಿ ಮರಿಯಿಲ್ಲ! ಪಕ್ಕದ ಮನೆ ಬೋರಣ್ಣನ ಕರಿ ಹುಂಜದ ಮೇಲೆ ದೂರು ಒಯ್ದೆ.

"ಏನಣ್ಣೋ, ಅದನ್ನ ಹೋದ ಹಬ್ಬಕ್ಕೇ ಸಾರು ಮಾಡಿದ್ವಲ್ಲ. ನೀನೂ ಎರಡು ಸಲ ಬಡಿಸ್ಕೊಂಡೆ!" ಎಂದ ಬೋರಣ್ಣ.

ಕೊನೆಗೆ ದನದ ಡಾಕ್ಟರನ್ನು ಕೇಳಿದೆ. "ಎರಡೂ ಬಿಳಿ ನಿಜ ಗೌಡರೇ, ಆದರೆ ಬೇರೆ ಬೇರೆ ಕಾರಣಕ್ಕೆ ಬಿಳಿ. ಬಣ್ಣ ಬರೋದಕ್ಕೆ ಎರಡು ಸಾಮಾನು ಬೇಕು ಅಂತಿಟ್ಟುಕೊಳ್ಳಿ. ಹುಂಜದ ವಂಶದಲ್ಲಿ ಒಂದಿಲ್ಲ, ಹೇಂಟೆ ವಂಶದಲ್ಲಿ ಇನ್ನೊಂದಿಲ್ಲ. ಮರಿಗಳಿಗೆ ಎರಡೂ ಸಿಕ್ಕಿವೆ" ಎಂದರು.

ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಪುಟ್ಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅಂದ್ರೆ ಒಂದು ಮನೇಲಿ ಬತ್ತಿ ಐತೆ, ಎಣ್ಣೆ ಇಲ್ಲ. ಇನ್ನೊಂದ್ರಲ್ಲಿ ಎಣ್ಣೆ ಐತೆ, ಬತ್ತಿ ಇಲ್ಲ. ಎರಡೂ ಕತ್ತಲೇನೇ, ಕೂಡಿದ್ರೆ ದೀಪ. ಸಿದ್ದನ ಮದುವೆ ಯಾವಾಗ?"

"ಎರಡು ಮನೇಲೂ ಎಣ್ಣೇನೇ ಇಲ್ದಿದ್ರೆ?"

"ಆ ಕೂಸೂ ಕೈಯಲ್ಲೇ ಮಾತಾಡ್ತದೆ. ನೀವೂ ಕಲೀರಿ."

ಚೌಕಾಸಿಗೆ ಜಾಗವೇ ಉಳಿಯಲಿಲ್ಲ. ಮದುವೆಯಾಯಿತು, ಸಿದ್ದ ಮತ್ತೆ ನನ್ನ ಮುಖ ನೋಡಿದ.

ಹೆಣ್ಣು ಕೂಸು ಹುಟ್ಟಿತು. ಒಂದು ದಿನ ತೊಟ್ಟಿಲ ಪಕ್ಕ ನಿಂತು, ಬೀದಿಯಲ್ಲಿದ್ದ ಗಾಡಿಯವನನ್ನು ಗದರಿದೆ: "ಲೋ, ಮಳೆ ಬತ್ತದೆ, ಕೊಬ್ಬರಿ ಒಳಕ್ಕೆ ಹಾಕ್ಲಾ!" ಕೂಸು ಬೆಚ್ಚಿಬಿದ್ದು, ಮೆಲ್ಲಗೆ ನನ್ನ ಕಡೆ ಕತ್ತು ಹೊರಳಿಸಿತು. ಗೌರಿ ಬಾಯಿಗೆ ಸೆರಗು ಒತ್ತಿಕೊಂಡಳು. ಸಿದ್ದ ನನ್ನ ಬಾಯಿ ತೋರಿಸಿ, ಕೂಸನ್ನು ತೋರಿಸಿ, ಇನ್ನೊಂದು ಸಲ ಎಂದು ಬೆರಳೆತ್ತಿದ. ಕೂಗಿದೆ. ಮತ್ತೆ ಬೆರಳೆತ್ತಿದ. ಗಂಟಲು ಕಟ್ಟುವವರೆಗೂ ಕೂಗಿದೆ. ನನ್ನ ಬಾಯಿಗೆ ಹೆದರಿ ಅಂಗಡಿ ದಾಟಿ ಹೋಗುವವರೇ ಊರಲ್ಲಿ ಹೆಚ್ಚು. ನನ್ನ ದನಿಯನ್ನು ಬೇಡಿ ಬೇಡಿ ಪಡೆದವರು ಇವರಿಬ್ಬರೇ, ಅದನ್ನು ಒಂದು ಸಲವೂ ಕೇಳದವರು.